ಗೌರಿಬಿದನೂರು ಬಸ್ಸು ಹತ್ತಿದ ಪಿಳ್ಳಮ್ಮ

ಯಶೋಧರಾ ಬರೆದುಕೊಂಡು ಹೋಗಿದ್ದ ಹದಿನಾರು ಚಿತ್ರಪಟಗಳನ್ನು ಅಂಬಾಜಿದುರ್ಗದ ತಪ್ಪಲಿನ ಆ ಹಳ್ಳಿಯ ಹೆಂಗಸರು ಒಂದೊಂದಾಗಿ, ಸಮಾಧಾನವಾಗಿಯೇ ನೋಡಿದರು. ನೋಡಿ ಮುಗಿದ ಮೇಲೆ ಯಾರೂ ಏನೂ ಹೇಳಲಿಲ್ಲ. ಶಾಲೆಯ ಜಗಲಿಯ ಮೇಲೆ ಇಪ್ಪತ್ತು ಇಪ್ಪತ್ತೆರಡು ಜನ ಕೂತಿದ್ದರು. ಹಿಂದೆ ಕೂತಿದ್ದ ಒಬ್ಬಾಕೆ ಸೆರಗಿನ ಮರೆಯಲ್ಲಿ ಆಕಳಿಸಿದ್ದು ಯಶೋಧರಾಳಿಗೆ ಚೆನ್ನಾಗಿಯೇ ಕಂಡಿತು.

ಅದು ಎರಡು ಸಾವಿರದ ಆರನೇ ಇಸವಿಯ ಜುಲೈ ತಿಂಗಳು. ಚಿಕ್ಕಬಳ್ಳಾಪುರದ ಕವಿತ ಎಂಬುವರು ದೊಡ್ಡವರಿಗೆ ಓದು ಬರಹ ಕಲಿಸುವ ಸಣ್ಣದೊಂದು ಸಂಸ್ಥೆ ನಡೆಸುತ್ತಿದ್ದರು. ಹೊಸದಾಗಿ ಅಕ್ಷರ ಕಲಿಯುವ ಹೆಂಗಸರಿಗಾಗಿ ಅವರೇ ಒಂದು ಕತೆ ಕಟ್ಟಿದ್ದರು. ಪಿಳ್ಳಮ್ಮ, ಓಬಳಮ್ಮ, ಸರಸು ಎಂಬ ಮೂವರು ಹೆಂಗಸರು ಕೋಲಾರದಲ್ಲಿ ನಡೆಯುವ ಸೀಮಂತಕ್ಕೆಂದು ಚಿಂತಾಮಣಿ ಬಸ್‌ಸ್ಟ್ಯಾಂಡಿಗೆ ಬರುತ್ತಾರೆ. ಬೋರ್ಡು ಓದಲು ಬಾರದೆ, ಯಾರೋ ದಾರಿಹೋಕ ತಪ್ಪು ಹೇಳಿದ್ದನ್ನು ನಂಬಿ, ಗೌರಿಬಿದನೂರಿನ ಬಸ್ಸು ಹತ್ತಿ ಪಾಡು ಪಡುತ್ತಾರೆ. ಕೊನೆಗೆ ಶಾಲೆಗೆ ಹೋಗುವ ಹುಡುಗಿಯೊಬ್ಬಳು ಬೋರ್ಡು ಓದಿ ಹೇಳಿ ಅವರನ್ನು ಸರಿಯಾದ ಬಸ್ಸಿಗೆ ಹತ್ತಿಸುತ್ತಾಳೆ. ಮೊದಲು ದೊಡ್ಡ ಪಟಗಳಲ್ಲಿ ಬರೆದು ಹಳ್ಳಿಯಲ್ಲಿ ತೋರಿಸಿ, ಒಪ್ಪಿಗೆಯಾದರೆ ಪುಸ್ತಕ ಮಾಡಿಸುವುದು ಅಂತ ಮಾತಾಗಿತ್ತು.

ಚಿತ್ರದ ಕೆಲಸ ಯಶೋಧರಾಳಿಗೆ ಸಿಕ್ಕಿದ್ದು ಅವಳ ಅಪ್ಪನ ಹೆಸರಿನಿಂದ. ಶಿಡ್ಲಘಟ್ಟದ ಬೋರ್ಡ್ ಪೇಂಟರ್ ವೆಂಕಟರವಣಪ್ಪ ಅಂದರೆ ಸುತ್ತಮುತ್ತ ಎಲ್ಲರಿಗೂ ಗೊತ್ತು. ಮಗಳು ಏಳನೇ ವಯಸ್ಸಿಗೇ ಬ್ರಷ್ ಹಿಡಿದವಳು. ಪಿಯುಸಿ ಮುಗಿಸಿ ಅಪ್ಪನ ಜೊತೆಗೇ ನಿಂತಳು. ದೇವರ ಪಟ, ಸಿನಿಮಾದವರ ಮುಖ, ಏಪ್ರಿಲ್ ಬಂತೆಂದರೆ ಕೇರಿ ಕೇರಿಗೂ ಅಂಬೇಡ್ಕರ್ ಚಿತ್ರ; ಯಾವುದನ್ನು ಎದುರಿಗಿಟ್ಟರೂ ತದ್ವತ್ ಇಳಿಸುತ್ತಿದ್ದಳು. ಆದರೆ ಎರಡು ವರ್ಷದಿಂದ ಎಲ್ಲರೂ ಫ್ಲೆಕ್ಸ್ ಹಾಕಿಸಲು ಶುರುಮಾಡಿ, ಅಪ್ಪ ಮಗಳಿಬ್ಬರ ಕೈಯೂ ಬಿಡುವಾಗಿಬಿಟ್ಟಿತ್ತು. ಯಾವುದನ್ನೂ ಎದುರಿಗಿಟ್ಟುಕೊಳ್ಳದೆ ತಾನೇ ಬರೆಯಬೇಕಾದ ಮೊದಲ ಕೆಲಸ ಇದು. ಇಪ್ಪತ್ತೈದು ದಿನ ಕೂತು ಬರೆದಿದ್ದಳು.

"ಹೇಗಿದೆ ಹೇಳ್ರಮ್ಮ," ಎಂದರು ಕವಿತ.

ಮುಂದಿನ ಸಾಲಿನಲ್ಲಿ ಕೂತಿದ್ದ ಐವತ್ತರ ಹೆಂಗಸು ಬಾಯಿ ಬಿಟ್ಟಳು. ಅವಳ ಹೆಸರು ಚಿಕ್ಕವೆಂಕಟಮ್ಮ. ಸ್ವಲ್ಪ ಹೊತ್ತಿಗೆ ಮುಂಚೆ ಹಾಜರಿ ಹಾಳೆ ಅವಳ ಕೈಗೆ ಬಂದಾಗ "ಕನ್ನಡಕ ಮನೇಲಿ ಬಿಟ್ಟು ಬಂದಿವ್ನಿ, ನೀನೇ ಬರ್ಕೊ" ಎಂದು ಪಕ್ಕದವಳಿಗೆ ದಾಟಿಸಿದ್ದಳು.

"ಏಮಮ್ಮಾ, ಇವ್ರು ಮೂರು ಜನಾನೂ ಒಂದೇ ತಾಯಿ ಮಕ್ಳಾ?"

"ಇಲ್ಲಮ್ಮ, ಬೇರೆ ಬೇರೆ ಮನೆಯೋರು," ಎಂದಳು ಯಶೋಧರಾ.

"ಮತ್ತೆ ಎಲ್ರಿಗೂ ಅದೇ ಮೂಗು, ಅದೇ ಕಣ್ಣು! ಸೀರೆ ಬಣ್ಣ ನೋಡಿ ಇವ್ಳು ಪಿಳ್ಳಮ್ಮ, ಅವ್ಳು ಸರಸು ಅಂತ ನೆಪ್ಪಿಟ್ಕೋಬೇಕು. ನಾಕನೇ ಪಟದ ಹೊತ್ಗೆ ನಂಗೆ ಮರ್ತೋಯ್ತು." ಅವಳು ಎದ್ದು ನಿಂತು ಸೊಂಟಕ್ಕೆ ಕೈ ಕೊಟ್ಟು ಕತ್ತು ಮುಂದಕ್ಕೆ ಚಾಚಿದಳು. "ಇನ್ನೊಂದು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಮ್ಮಣ್ಣಿ. ಇವ್ರ್ಯಾರೂ ಬಸ್ಸು ಹತ್ತಿದೋರೇ ಅಲ್ಲ. ಗೌರಿಬಿದನೂರು ಗಂಟ ನಿಂತ್ಕೊಂಡು ಹೋಗವ್ರೆ, ಒಂದು ನೆರಿಗೆ ಕದಲಿಲ್ಲ!"

ಜಗಲಿ ತುಂಬ ನಗು. ಅಷ್ಟು ಹೊತ್ತಿನಲ್ಲಿ ಅವರು ನಕ್ಕಿದ್ದು ಅದೊಂದೇ ಸಲ.

ವಾಪಸು ಬರುವಾಗ ಕವಿತ ಬೈಯಲಿಲ್ಲ. ಅದರಿಂದಲೇ ಯಶೋಧರಾಳಿಗೆ ಹೆಚ್ಚು ನೋವಾಯಿತು. ಚಿಂತಾಮಣಿ ದಾಟಿದ ಮೇಲೆ ಅವರು ಮೆಲ್ಲಗೆ, "ಬೆಂಗಳೂರಿನ ಒಬ್ಬ ಆರ್ಟಿಸ್ಟ್ ಇದಾರೆ ಯಶೋಧರಾ, ಅವರನ್ನೇ ಕೇಳೋಣ ಅಂತ ನಮ್ಮ ಕಮಿಟಿಯವರು ಮೊದಲೇ ಹೇಳಿದ್ರು," ಎಂದರು.

"ನಂಗೆ ಒಂದು ತಿಂಗಳು ಕೊಡಿ ಮೇಡಂ."

"ಒಂದು ತಿಂಗಳಲ್ಲಿ ಏನು ಬದಲಾಗುತ್ತೆ?"

ಹಾಗೆಂದವರೇ ಕವಿತ ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು. "ಮುದ್ದೇನಹಳ್ಳೀಲಿ ಚೆನ್ನರಾಯಪ್ಪ ಅಂತ ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು ಇದಾರೆ. ಮಕ್ಕಳ ಕತೆಗಳಿಗೆ ಬಹಳ ವರ್ಷ ಚಿತ್ರ ಬರೆದೋರು. ಒರಟು ಮನುಷ್ಯ. ತಡ್ಕೋತೀನಿ ಅಂದ್ರೆ ಹೋಗು."

ಮಾರನೆಯ ದಿನ ಬೆಳಿಗ್ಗೆಯೇ ಅವಳು ಪಟಗಳ ಸುರುಳಿ ಹಿಡಿದುಕೊಂಡು ಎರಡು ಬಸ್ಸು ಬದಲಿಸಿ ಮುದ್ದೇನಹಳ್ಳಿಗೆ ಹೋದಳು. ದ್ರಾಕ್ಷಿ ತೋಟದ ಪಕ್ಕದ ದೊಡ್ಡ ಹೆಂಚಿನ ಮನೆ. ಇಂಥ ಮನೆಗಳ ಬಾಗಿಲಲ್ಲಿ ಮೊದಲು ಯಾವ ಪ್ರಶ್ನೆ ಬರುತ್ತದೆಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಯಾವ ಊರು, ಯಾರ ಪೈಕಿ. ಉತ್ತರವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡೇ ನಿಂತಿದ್ದಳು. ಎಪ್ಪತ್ತರ ಹತ್ತಿರದ ಮೇಷ್ಟ್ರು ಹೊರಗೆ ಬಂದು ಅವಳ ಕೈಯ ಸುರುಳಿ ನೋಡಿದರು. "ಯಾವ ಬ್ರಷ್ಷು?" ಎಂದರು. ಅಷ್ಟೇ ಅವರು ಕೇಳಿದ್ದು. ಅವಳು ಒಳಗೆ ಹೋಗಿ ಕೂತಳು.

ಅವರು ಪಟಗಳನ್ನು ಒಂದು ಸುತ್ತು ನೋಡಿದರು. "ಕೈ ಪಳಗಿದೆ," ಎಂದರು. ಯಶೋಧರಾಳಿಗೆ ಜೀವ ಬಂತು. ಮೇಷ್ಟ್ರು ಕಪ್ಪು ಇಂಕಿನ ಬಾಟಲಿಯ ಮುಚ್ಚಳ ತೆಗೆದು, ದಪ್ಪ ಬ್ರಷ್ ಅದ್ದಿ, ಅವಳು ಎರಡು ದಿನ ಕೂತು ಬರೆದಿದ್ದ ಮೊದಲ ಪಟದ ಮೇಲೆಯೇ ಬಳಿಯತೊಡಗಿದರು. ಪಿಳ್ಳಮ್ಮನ ಮುಖ, ಓಬಳಮ್ಮನ ಸೀರೆ, ಸರಸುವಿನ ಬಳೆ, ಎಲ್ಲವೂ ಕಪ್ಪಾಗಿ ಹೋದವು.

"ಸಾರ್!" ಎಂದು ಅವಳು ಎದ್ದೇಬಿಟ್ಟಳು.

"ಕೂತ್ಕೊಳಮ್ಮ. ಈಗ ಹೇಳು, ಇದ್ರಲ್ಲಿ ಪಿಳ್ಳಮ್ಮ ಯಾರು?"

ಪಟದಲ್ಲಿ ಮೂರು ಕಪ್ಪು ಆಕಾರಗಳು ನಿಂತಿದ್ದವು. ಮೂರೂ ಒಂದೇ ಎತ್ತರ, ಒಂದೇ ಗಾತ್ರ. ಬರೆದವಳಿಗೇ ಗೊತ್ತಾಗಲಿಲ್ಲ.

"ನಿಂಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ನೋಡೋರಿಗೆ ಹೆಂಗೆ ಗೊತ್ತಾಗ್ಬೇಕು? ಇನ್ನು ಒಂದು ವಾರ ನೀನು ಕಣ್ಣು ಮೂಗು ಬರೆಯೋ ಹಂಗಿಲ್ಲ. ಬರೀ ಕರಿ ಆಕಾರ. ಆಕಾರ ನೋಡೇ ಇಂಥೋಳು ಅಂತ ಗೊತ್ತಾಗ್ಬೇಕು. ಅದಾದ್ಮೇಲೆ ಮುಖದ ಮಾತು."

ಅವತ್ತು ಮನೆಗೆ ಬಂದು ಅವಳು ಊಟ ಮಾಡದೆ ಮುಖ ಊದಿಸಿಕೊಂಡು ಕೂತಳು. ವೆಂಕಟರವಣಪ್ಪ ಕಪ್ಪು ಬಳಿದ ಪಟವನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಗಳ ಹಾಗೆ ಅವರಿಗೆ ಸಿಟ್ಟು ಬರಲಿಲ್ಲ.

"ಮೇಷ್ಟ್ರು ಹೇಳಿದ್ದು ಸರಿ ಕಣಮ್ಮ. ನಾನು ರೋಡಿನ ಗೋಡೆ ಮೇಲೆ ಬರೀವಾಗ ಏನು ನೋಡ್ತಿದ್ದೆ ಹೇಳು? ಬಸ್ಸಲ್ಲಿ ಹೋಗೋನಿಗೆ ಎರಡು ಸಲ ರೆಪ್ಪೆ ಬಡಿಯೋಷ್ಟೇ ಟೈಮು. ಅಷ್ಟ್ರಲ್ಲಿ ಅವನಿಗೆ ತಿಳೀಬೇಕು. ಬಾಬಾಸಾಹೇಬ್ರನ್ನೇ ತಗೋ. ನಮ್ಮ ಕೇರಿ ಮಕ್ಕಳು ಇದ್ದಲಲ್ಲಿ ಗೋಡೆ ಮೇಲೆ ಗೀಚ್ತವೆ. ಒಂದು ಕೋಟು, ಒಂದು ಕನ್ನಡಕ, ಮೇಲೆತ್ತಿದ ಬೆರಳು. ಇದ್ಯಾರು ಅಂತ ಯಾರಾದ್ರೂ ಕೇಳಿದ್ದುಂಟಾ?" ಅವರು ಪಟವನ್ನು ಗೋಡೆಗೆ ಒರಗಿಸಿದರು. "ಅಕ್ಷರ ಹೇಳಿಕೊಟ್ಟೆ, ಬಣ್ಣ ಹೇಳಿಕೊಟ್ಟೆ. ಇದನ್ನ ಹೇಳಿಕೊಡೋದು ನಂಗೆ ಹೊಳೀಲೇ ಇಲ್ಲ. ಏಳು, ಮುದ್ದೆ ಆರ್ತಾ ಇದೆ."

ವಾರದಲ್ಲಿ ನಾಲ್ಕು ದಿನ ಅವಳು ಮುದ್ದೇನಹಳ್ಳಿಗೆ ಹೋದಳು. ಉಳಿದ ದಿನ ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನೋಟ್‌ಪುಸ್ತಕ ಹಿಡಿದು ಕೂತಳು. ರೇಷ್ಮೆಗೂಡಿನ ಚೀಲ ಹೊತ್ತವರು, ಮಗುವನ್ನು ಸೊಂಟಕ್ಕೇರಿಸಿದವರು, ಬಸ್ಸು ಬಂತೆಂದು ಓಡುವವರು, ಬಸ್ಸು ಬಂದರೂ ಓಡದವರು. ಇಷ್ಟು ವರ್ಷ ಈ ಬಸ್‌ಸ್ಟ್ಯಾಂಡಿನಲ್ಲಿ ಓಡಾಡಿದ್ದರೂ ಜನ ಕೂರುವುದು, ನಿಲ್ಲುವುದು, ಕಾಯುವುದು ಇಷ್ಟು ಬೇರೆ ಬೇರೆ ಥರ ಅಂತ ಅವಳು ಗಮನಿಸಿರಲಿಲ್ಲ. ಒಬ್ಬೊಬ್ಬರನ್ನೂ ಅರ್ಧ ನಿಮಿಷದಲ್ಲಿ ಕಪ್ಪು ಆಕಾರವಾಗಿ ಇಳಿಸಿಕೊಂಡಳು. ಹತ್ತು ದಿನಕ್ಕೆ ಎರಡು ನೋಟ್‌ಪುಸ್ತಕ ತುಂಬಿತು.

ಮೇಷ್ಟ್ರು ಅದರಲ್ಲಿ ತಪ್ಪನ್ನೇ ಹುಡುಕುತ್ತಿದ್ದರು. ಒಂದು ದಿನ ಅವಳನ್ನು ನೇರ ಅಡುಗೆಮನೆಗೆ ಕರೆದುಕೊಂಡು ಹೋಗಿ, "ಇಲ್ಲಿರೋದ್ರಲ್ಲಿ ಓಬಳಮ್ಮ ಯಾವುದು ತೋರಿಸು," ಎಂದರು. ಅವಳು ಸುತ್ತ ನೋಡಿದಳು. ಬುಟ್ಟಿಯಲ್ಲಿ ಈರುಳ್ಳಿ, ಮೂಲೆಯಲ್ಲಿ ನುಗ್ಗೇಕಾಯಿ, ಬಾಗಿಲ ಹತ್ತಿರ ಒರಳುಕಲ್ಲು. ಕತೆಯಲ್ಲಿ ಓಬಳಮ್ಮ ಯಾವುದಕ್ಕೂ ಗಾಬರಿಯಾಗದವಳು, ಕೂತರೆ ಏಳದವಳು. "ಒರಳು, ಸಾರ್," ಎಂದಳು. "ಸರಸು?" "ನುಗ್ಗೇಕಾಯಿ." ಸರಸು ಎಲ್ಲದಕ್ಕೂ ಹೆದರುವ ಎಳೆಯ ಹೆಂಗಸು, ಗಾಳಿ ಬೀಸಿದ ಕಡೆ ವಾಲುವವಳು. ಮೇಷ್ಟ್ರು ಮೊದಲ ಸಲ ನಕ್ಕರು. ಅವತ್ತು ಸಂಜೆಯ ಹೊತ್ತಿಗೆ ಹಾಳೆಯ ಮೇಲೆ ಒರಳಿನಂಥ ಓಬಳಮ್ಮ ಬುತ್ತಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಸರಸು ಅವಳ ಸೆರಗಿನ ತುದಿ ಹಿಡಿದು ಒಂದು ಕಡೆಗೆ ಬಾಗಿ ನಿಂತಿದ್ದಳು. ಕಣ್ಣಿಲ್ಲ, ಮೂಗಿಲ್ಲ, ಆದರೂ ಯಾರು ಯಾರೆಂದು ಕೇಳುವ ಹಾಗಿರಲಿಲ್ಲ.

ಆಮೇಲೆ ಕೆರೆಯ ಜೇಡಿಮಣ್ಣು ತರಿಸಿ ಅವರಿಬ್ಬರನ್ನೂ ಗೇಣುದ್ದದ ಬೊಂಬೆ ಮಾಡಿಸಿದರು. "ತಿರುಗಿಸಿ ನೋಡು. ಎದುರಿಂದ ಓಬಳಮ್ಮ, ಹಿಂದಿನಿಂದ ಇನ್ಯಾರೋ ಆಗ್ಬಾರ್ದು. ಹದಿನಾರು ಪಟದಲ್ಲೂ ಅದೇ ಹೆಂಗಸು ಇರ್ಬೇಕು." ಬೊಂಬೆಯನ್ನು ಎದುರಿಗೆ, ಪಕ್ಕಕ್ಕೆ, ಬೆನ್ನಿಗೆ ತಿರುಗಿಸಿಟ್ಟು ಅವಳು ಬರೆದಳು. ಅಳುವ ಸರಸು, ನಿದ್ದೆಗೆ ಜಾರಿದ ಓಬಳಮ್ಮ, ಬಸ್ಸು ಬ್ರೇಕ್ ಹಾಕಿದಾಗ ಇಬ್ಬರೂ ಮುಂದಕ್ಕೆ ಬಿದ್ದದ್ದು. ತಪ್ಪಿದಲ್ಲೆಲ್ಲ ಮತ್ತೆ ಬೊಂಬೆ ನೋಡುವುದು, ಮತ್ತೆ ಬರೆಯುವುದು.

ಪಿಳ್ಳಮ್ಮ ಮಾತ್ರ ಕೈಗೆ ಹತ್ತಲಿಲ್ಲ. ಕತೆಯ ಮುಖ್ಯ ಹೆಂಗಸು ಅವಳೇ. ಮೂವರನ್ನೂ ಮನೆಯಿಂದ ಹೊರಡಿಸುವವಳು ಅವಳು. ಯಶೋಧರಾ ಹೇಗೆ ಬರೆದರೂ ಪಿಳ್ಳಮ್ಮ ಕ್ಯಾಲೆಂಡರಿನ ಲಕ್ಷ್ಮಿಯ ಹಾಗೆ ನೆಟ್ಟಗೆ, ಚೆಂದವಾಗಿ, ಸುಮ್ಮನೆ ನಿಂತುಬಿಡುತ್ತಿದ್ದಳು. ಇಪ್ಪತ್ತೆರಡನೇ ಹಾಳೆಯನ್ನು ನೋಡಿ ಮೇಷ್ಟ್ರು ಓದುವ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

"ಇವಳಿಗೆ ಏನು ಬೇಕು?"

"ಸೀಮಂತಕ್ಕೆ ಹೋಗ್ಬೇಕು ಸಾರ್."

"ಅದು ಕತೆಗೆ ಬೇಕಾಗಿರೋದು. ಇವಳಿಗೆ ಏನು ಬೇಕು? ಯಾವುದಕ್ಕೆ ಹೆದರ್ತಾಳೆ? ಯಾರೂ ನೋಡ್ದೆ ಇದ್ದಾಗ ಏನ್ಮಾಡ್ತಾಳೆ?"

ಅವಳು ಹಾಳೆಯ ಅಂಚನ್ನು ಉಗುರಿನಿಂದ ಕೆರೆದಳು.

"ನಿಂಗೆ ಇವಳ ಮೇಲೆ ವಿಪರೀತ ಗೌರವ ಕಣಮ್ಮ. ಒಂದು ತಪ್ಪನ್ನೂ ಮಾಡೋಕೆ ಬಿಡ್ತಿಲ್ಲ. ತಪ್ಪೇ ಮಾಡ್ದೆ ಇರೋರನ್ನ ಪೂಜೆ ಮಾಡ್ಬಹುದು, ಅವರ ಜೊತೆ ಬಸ್ಸಲ್ಲಿ ಹೋಗಕ್ಕಾಗಲ್ಲ. ಮನೆಗೆ ಹೋಗಿ ಯೋಚ್ನೆ ಮಾಡು."

ಆಗ ಕವಿತ ಕೊಟ್ಟಿದ್ದ ತಿಂಗಳಲ್ಲಿ ಎಂಟು ದಿನ ಉಳಿದಿತ್ತು. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತ ಯಶೋಧರಾಳಿಗೆ ಸಿಟ್ಟೇ ಬಂದಿತ್ತು. ಎಲ್ಲರೂ ತನಗೆ ತಪ್ಪು ತೋರಿಸುವವರೇ. ಮೇಷ್ಟ್ರು ಒಂದು ಕಡೆ, ಆ ಅಂಬಾಜಿದುರ್ಗದ ಚಿಕ್ಕವೆಂಕಟಮ್ಮ ಇನ್ನೊಂದು ಕಡೆ. ಸೊಂಟಕ್ಕೆ ಕೈ ಕೊಟ್ಟುಕೊಂಡು, ಕೋಳಿಯ ಹಾಗೆ ಕತ್ತು ಮುಂದಕ್ಕೆ ಚಾಚಿಕೊಂಡು, ಎಲ್ಲ ತನಗೇ ಗೊತ್ತು ಅನ್ನುವ ಹಾಗೆ! ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಕ್ಕಿಸಿಕೊಂಡು, ಎಲ್ಲರಿಗಿಂತ ಎರಡು ಹೆಜ್ಜೆ ಮುಂದೆ! ಹಾಜರಿ ಹಾಳೆ ಬಂದರೆ ಮಾತ್ರ ಕನ್ನಡಕ ಬಿಟ್ಟು ಬಂದಿವ್ನಿ ಅಂತೆ.

ಯಶೋಧರಾ ತಲೆ ಎತ್ತಿದಳು. ಆ ಹೆಂಗಸಿನ ಮೂಗಿನ ಮೇಲೆ ಕನ್ನಡಕದ ಗುರುತೇ ಇರಲಿಲ್ಲ. ಅವಳಿಗೆ ಕನ್ನಡಕವೇ ಇರಲಿಲ್ಲ. ಓದಲು ಬರುವುದಿಲ್ಲ ಅನ್ನುವುದನ್ನು ಬಿಟ್ಟು ಬೇರೆ ಏನು ಹೇಳಲೂ ತಯಾರಿದ್ದಳು.

ನೋಟ್‌ಪುಸ್ತಕ ತೆಗೆದು ಕುಲುಕುವ ಬಸ್ಸಿನಲ್ಲೇ ಅವಳು ಪೆನ್ಸಿಲ್ ಓಡಿಸಿದಳು. ಮುಂದಕ್ಕೆ ಬಾಗಿದ ಕತ್ತು. ಸೊಂಟದ ಮೇಲಿನ ಕೈಯ ತ್ರಿಕೋನ. ಎತ್ತಿ ಸಿಕ್ಕಿಸಿದ ಸೀರೆ, ಕೆಳಗೆ ಎರಡು ಗಟ್ಟಿ ಕಾಲು. ಇದು ಒರಳೂ ಅಲ್ಲ, ನುಗ್ಗೇಕಾಯಿಯೂ ಅಲ್ಲ, ಕುಡುಗೋಲು! ಪಿಳ್ಳಮ್ಮ ಹಾಳೆಯ ಮೇಲೆ ನಿಂತುಕೊಳ್ಳಲಿಲ್ಲ, ನಡೆಯುತ್ತಿದ್ದಳು. ತನ್ನ ಸ್ಟಾಪು ದಾಟಿ ಹೋದದ್ದು ಯಶೋಧರಾಳಿಗೆ ತಿಳಿದದ್ದು ಕಂಡಕ್ಟರ್ ಭುಜ ತಟ್ಟಿದಾಗ.

ಆದರೆ ಪಿಳ್ಳಮ್ಮ ಹುಟ್ಟಿದ ಕೂಡಲೇ ತಕರಾರು ಶುರುವಾಯಿತು. ದಾರಿಹೋಕ ಯಾರೋ ಹೇಳಿದ್ದನ್ನು ನಂಬಿ ಬಸ್ಸು ಹತ್ತುವ ಹೆಂಗಸಲ್ಲ ಇವಳು. ಇನ್ನೊಬ್ಬರನ್ನು ಕೇಳುವವಳೇ ಅಲ್ಲ. ಮಾರನೆಯ ದಿನ ಯಶೋಧರಾ ಕವಿತ ಅವರ ಆಫೀಸಿಗೆ ಹೋಗಿ ಹೊಸ ಕರಡುಗಳನ್ನು ಮೇಜಿನ ಮೇಲೆ ಹರಡಿದಳು.

"ಮೇಡಂ, ಕತೆ ಬದಲಾಯಿಸ್ಬೇಕು."

"ನಾನು ನಿಂಗೆ ಕೊಟ್ಟಿದ್ದು ಚಿತ್ರದ ಕೆಲಸ," ಎಂದು ಕವಿತ ನಕ್ಕರು.

"ಪಿಳ್ಳಮ್ಮ ಕೇಳ್ತಿಲ್ಲ ಮೇಡಂ. ನೋಡಿ, ಓದಕ್ಕೆ ಬರಲ್ಲ ಅಂತ ಒಪ್ಕೊಳ್ಳೋಕೆ ಇವಳಿಗೆ ನಾಚಿಕೆ. ತಾನೇ ಮುಂದೆ ನುಗ್ಗಿ ಬಸ್ಸು ಹತ್ತಿಸ್ತಾಳೆ. ಕಂಡಕ್ಟರ್ ಬಂದು, ಇದು ಗೌರಿಬಿದನೂರು ಬಸ್ಸು ಕಣಮ್ಮ, ಕೋಲಾರಕ್ಕೆ ಹೋಗಲ್ಲ, ಇಳೀರಿ ಅಂತಾನೆ. ಬಸ್ಸು ತುಂಬ ಜನ ನೋಡ್ತಿದಾರೆ. ಆಗ ಇವಳು, ಗೊತ್ತು ಕಣಯ್ಯ, ನಾವು ಹೋಗ್ತಿರೋದೇ ಗೌರಿಬಿದನೂರಿಗೆ ಅಂತಾಳೆ!"

ಕವಿತ ಜೋರಾಗಿ ನಕ್ಕುಬಿಟ್ಟರು. ನಕ್ಕು ಮುಗಿಯುತ್ತಲೇ ಗಂಭೀರವಾದರು. "ಚೆನ್ನಾಗಿದೆ. ಆದ್ರೆ ಹೆದರಿಕೆ ಆಗುತ್ತೆ ಯಶೋಧರಾ. ಓದು ಬಾರದ ಬಡ ಹೆಂಗಸಿಗೆ ಇಷ್ಟು ಜಂಬ ಅಂತ ತೋರಿಸಿದ್ರೆ, ಅವರನ್ನ ನಾವು ಗೇಲಿ ಮಾಡಿದ ಹಾಗಾಗಲ್ವಾ?"

ಆ ಮಾತನ್ನು ಯಶೋಧರಾ ನಿನ್ನೆಯಿಂದ ತನ್ನಲ್ಲೇ ಕೇಳಿಕೊಂಡಿದ್ದಳು. "ನಮ್ಮೋರಿಗೆ ಜಂಬ ಇರಬಾರ್ದಾ ಮೇಡಂ? ಪುಸ್ತಕದಲ್ಲಿ ಯಾವಾಗ್ಲೂ ಪಾಪದೋರಾಗೇ ಇರ್ಬೇಕಾ? ನಮ್ಮಜ್ಜಿಗೆ ಅಕ್ಷರ ಬರ್ತಿರಲಿಲ್ಲ. ಆದ್ರೆ ಅವಳ ಜಂಬ ನೋಡಿದ್ರೆ ನೀವು ಕುರ್ಚಿ ಬಿಟ್ಟು ಏಳ್ತಿದ್ರಿ."

ಕವಿತ ಕರಡುಗಳನ್ನು ಮೊದಲಿನಿಂದ ಮತ್ತೊಮ್ಮೆ ತಿರುವಿ ನೋಡಿದರು. "ಬರಿ. ಅದೇ ಊರಿಗೆ ಹೋಗಿ ತೋರಿಸೋಣ. ಅಲ್ಲಿ ಒಬ್ಬರಿಗೆ ನೋವಾಯ್ತು ಅಂದ್ರೂ ನಾನು ಇದನ್ನ ಅಚ್ಚು ಮಾಡಿಸಲ್ಲ. ಒಪ್ಪಿಗೆನಾ?"

"ಒಪ್ಪಿಗೆ," ಎಂದಳು ಯಶೋಧರಾ.

ಏಳು ದಿನದಲ್ಲಿ ಹದಿನಾರು ಪಟ. ವೆಂಕಟರವಣಪ್ಪ ಹಾಳೆ ಬಿಗಿದುಕೊಟ್ಟರು, ಬಣ್ಣ ಕಲಸಿಕೊಟ್ಟರು, ಬಸ್ಸಿನ ಬೋರ್ಡಿನ ಮೇಲಿನ ಅಕ್ಷರಗಳನ್ನು ತಾವೇ ಬರೆಯುತ್ತೇನೆಂದು ಹಟ ಮಾಡಿ ಬರೆದರು. ಯಶೋಧರಾ ಪಿಳ್ಳಮ್ಮನದೂ ಒಂದು ಮಣ್ಣಿನ ಬೊಂಬೆ ಮಾಡಿ, ಮೂರನ್ನೂ ಕಿಟಕಿಯಲ್ಲಿ ಸಾಲಾಗಿ ಇಟ್ಟುಕೊಂಡು ಬರೆದಳು. ಈ ಸಲ ಏನು ಬರೆಯಲಿ ಎಂದು ಅವಳು ಎಲ್ಲೂ ನಿಲ್ಲಲಿಲ್ಲ. ಸೀಟು ಸಿಗದಿದ್ದರೆ ಓಬಳಮ್ಮ ಎಲ್ಲಿ ಕೂರುತ್ತಾಳೆ? ನೆಲದ ಮೇಲೆ, ಡಬ್ಬಿ ತಬ್ಬಿಕೊಂಡು. ಸರಸು? ಕಂಬ ಹಿಡಿದು ಕಣ್ಣು ಮುಚ್ಚಿಕೊಂಡು. ಪಿಳ್ಳಮ್ಮ? ಡ್ರೈವರಿಗೆ ದಾರಿ ಹೇಳುತ್ತಾ. ಗೌರಿಬಿದನೂರಿನಲ್ಲಿ ಇಳಿದು, ಸೀಮಂತಕ್ಕೆಂದು ಡಬ್ಬಿಯಲ್ಲಿ ತಂದಿದ್ದ ಒಬ್ಬಟ್ಟನ್ನು ಬಸ್‌ಸ್ಟ್ಯಾಂಡಿನಲ್ಲೇ ಕೂತು ಮೂವರೂ ತಿನ್ನುವ ಪಟವಂತೂ ಬರೆಯುವಾಗಲೇ ಅವಳಿಗೆ ನಗು ತಡೆಯಲಾಗಲಿಲ್ಲ.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಮತ್ತೆ ಅದೇ ಶಾಲೆಯ ಜಗಲಿ. ಮೇಷ್ಟ್ರೂ ಬಂದಿದ್ದರು. ಕರೆದಿರಲಿಲ್ಲ, ತಾವೇ ಬಸ್ಸು ಹಿಡಿದು ಬಂದು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಚಿಕ್ಕವೆಂಕಟಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಳು.

ಯಶೋಧರಾ ಮೊದಲು ಮೂರು ಕಪ್ಪು ಆಕಾರಗಳ ಹಾಳೆಯನ್ನಷ್ಟೇ ತೋರಿಸಿದಳು. "ಇವರು ಮೂರು ಜನ ಬಸ್ಸಲ್ಲಿ ಹೋಗ್ತಿದಾರೆ. ಇವರಲ್ಲಿ ಯಾರು ನಿದ್ದೆ ಮಾಡ್ತಾರೆ ಹೇಳಿ?"

"ಆ ದಪ್ಪಕ್ಕ!" ಎಂದು ಏಳೆಂಟು ದನಿ ಒಟ್ಟಿಗೆ ಬಂದವು.

"ಯಾರು ಅಳ್ತಾರೆ?"

"ಆ ಕಡ್ಡಿ ಹುಡುಗಿ!"

"ಜಗಳ ಆಡೋರು?"

ಈ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಪ್ಪತ್ತು ಜನವೂ ನಿಧಾನಕ್ಕೆ ಚಿಕ್ಕವೆಂಕಟಮ್ಮನ ಕಡೆ ತಿರುಗಿದರು. ಯಾರೋ ಕಿಸಕ್ಕೆಂದರು. ಚಿಕ್ಕವೆಂಕಟಮ್ಮ ನಗಲಿಲ್ಲ.

ಯಶೋಧರಾ ಅದನ್ನು ಗಮನಿಸಿದಳು. ಆದರೂ ಪಟ ತಿರುಗಿಸುತ್ತಾ ಹೋದಳು. ಬಸ್‌ಸ್ಟ್ಯಾಂಡಿಗೆ ನುಗ್ಗುವ ಪಿಳ್ಳಮ್ಮ, ಅವಳ ಹಿಂದೆ ಓಡುವ ಸರಸು. ಜಗಲಿಯ ಮೇಲೆ ಮಾತು ಶುರುವಾಯಿತು. ಕಂಡಕ್ಟರಿನ ಪಟ ಬಂತು. "ಗೊತ್ತು ಕಣಯ್ಯ, ನಾವು ಹೋಗ್ತಿರೋದೇ ಗೌರಿಬಿದನೂರಿಗೆ" ಎಂದು ಕವಿತ ಓದಿದ್ದೇ ತಡ, ಹೆಂಗಸರು ಬಿದ್ದು ಬಿದ್ದು ನಕ್ಕರು. ಒಬ್ಬಾಕೆ ಪಕ್ಕದವಳ ಬೆನ್ನಿಗೆ ಗುದ್ದಿದಳು. ಹೋದ ಸಲ ಆಕಳಿಸಿದ್ದವಳು ಮಂಡಿಯ ಮೇಲೆ ಎದ್ದು ನಿಂತು ನೋಡುತ್ತಿದ್ದಳು. ಸೀಮಂತದ ಒಬ್ಬಟ್ಟು ಬಸ್‌ಸ್ಟ್ಯಾಂಡಿನಲ್ಲಿ ಖಾಲಿಯಾದಾಗ ಜಗಲಿಯ ಮೇಲೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ.

ಹದಿನಾರನೆಯ ಪಟ ಮುಗಿಯಿತು. ಚಿಕ್ಕವೆಂಕಟಮ್ಮ ಎದ್ದಳು. ನಗು ಒಮ್ಮೆಲೇ ನಿಂತಿತು.

"ಏನಮ್ಮಣ್ಣಿ, ಇದು ನಾನಲ್ವಾ?"

ಸುಳ್ಳು ಹೇಳಬಹುದಿತ್ತು. ಕವಿತ ಅವಳನ್ನೇ ನೋಡುತ್ತಿದ್ದರು. ಯಶೋಧರಾ ಪಟವನ್ನು ಕೆಳಗಿಟ್ಟಳು. "ಹೌದಮ್ಮ. ನಡಿಗೆ ನಿಮ್ದೇ. ನಿಂತ್ಕೊಳ್ಳೋದು ನಿಮ್ದೇ. ಹೋದ ಸಲ ನೀವು ಬೈದ ಮೇಲೆ ನಿಮ್ಮನ್ನ ಮರೆಯಕ್ಕಾಗ್ಲಿಲ್ಲ. ನಿಮಗೆ ಬೇಜಾರಾದ್ರೆ ಇಲ್ಲೇ ಹರಿದು ಹಾಕ್ತೀನಿ."

ಚಿಕ್ಕವೆಂಕಟಮ್ಮ ಹತ್ತಿರ ಬಂದು ಕಂಡಕ್ಟರಿನ ಪಟವನ್ನು ಎತ್ತಿಕೊಂಡಳು. ಪಿಳ್ಳಮ್ಮನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಹರಿದೀಯ, ಹರಿದೀಯ! ನನ್ನ ಕೇಳ್ದೆ ಹರಿದುಬಿಟ್ಟೀಯ!" ಎಂದಳು. ಆಮೇಲೆ ಎಲ್ಲರ ಕಡೆ ತಿರುಗಿ ಕತ್ತು ಚಾಚಿದಳು. "ಕೇಳ್ರಮ್ಮ ಇಲ್ಲಿ. ನಾಕು ವರ್ಷದ ಕೆಳಗೆ ನಾನು ಮದನಪಲ್ಲಿಗೆ ಹೋಗಿ ಎರಡು ದಿನ ಬಿಟ್ಟು ಬಂದೆ, ನೆಪ್ಪೈತಾ? ನಮ್ಮ ಓರಗಿತ್ತಿ ತವರುಮನೇಗೆ ಹೋಗಿದ್ದೆ ಅಂದೆ. ಸುಳ್ಳು! ನಾನು ಹೊರಟಿದ್ದು ಶ್ರೀನಿವಾಸಪುರಕ್ಕೆ. ಬಸ್ಸು ತಪ್ಪೋಯ್ತು. ಕಂಡಕ್ಟರ್ ಕೇಳ್ದ, ಮದನಪಲ್ಲಿಗೇನಮ್ಮಾ ಅಂತ. ಹೂಂ ಅಂದ್ಬಿಟ್ಟೆ. ಬಸ್ಸು ತುಂಬ ಜನದ ಮುಂದೆ ಇನ್ನೇನನ್ನಾನ?"

ಆಮೇಲೆ ಎದ್ದ ನಗೆಗೆ ಶಾಲೆಯ ಹೆಂಚಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಚಿಕ್ಕವೆಂಕಟಮ್ಮನೂ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. ನಕ್ಕ ಮೇಲೆ ಕಣ್ಣೊರೆಸಿಕೊಳ್ಳುತ್ತಾ, ಕೊನೆಯ ಪಟದ ಮೇಲೆ ಬೆರಳಿಟ್ಟಳು.

"ಎಲ್ಲಾ ಚೆನ್ನಾಗೈತೆ. ಇದೊಂದು ಸರಿಯಿಲ್ಲ. ಸ್ಕೂಲ್ ಹುಡುಗಿ ಬೋರ್ಡು ಓದಿ ಹೇಳೋದ್ಯಾಕೆ? ಪಿಳ್ಳಮ್ಮ ಅಂಥೋಳು ಇನ್ನೊಂದ್ಸಲ ಯಾರನ್ನಾದ್ರೂ ಕೇಳಾಳಾ? ಅವ್ಳೇ ಕಲ್ತು ಅವ್ಳೇ ಓದ್ಲಿ."

ಕವಿತ ಯಶೋಧರಾಳ ಕಡೆ ನೋಡಿದರು. ಯಶೋಧರಾ ಹಿಂದಿನ ಗೋಡೆಯ ಕಡೆ ನೋಡಿದಳು. ಮೇಷ್ಟ್ರು ಎರಡೂ ಕೈ ಜೋಡಿಸಿ ತಲೆಯ ಮೇಲಕ್ಕೆತ್ತಿ ಚಿಕ್ಕವೆಂಕಟಮ್ಮನಿಗೆ ನಮಸ್ಕಾರ ಮಾಡಿದರು.

ಹದಿನಾರನೆಯ ಪಟವನ್ನು ಅವಳು ಅಲ್ಲೇ, ಜಗಲಿಯ ಮೇಲೆ ಕೂತು ಬರೆದಳು. ಸುತ್ತ ಹೆಂಗಸರು ಬಗ್ಗಿ ನೋಡುತ್ತಿದ್ದರು. ಚಿಂತಾಮಣಿ ಬಸ್‌ಸ್ಟ್ಯಾಂಡು, ಸಾಲಾಗಿ ನಿಂತ ಬಸ್ಸುಗಳು. ಪಿಳ್ಳಮ್ಮ ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದು ಕೈಯ ಬೆರಳನ್ನು ಬೋರ್ಡಿನ ಕಡೆ ಎತ್ತಿ, "ಕೋ... ಲಾ... ರ" ಎನ್ನುತ್ತಿದ್ದಳು. ಮುಂದಿನ ಸೋಮವಾರ ಆ ಊರಿನ ಅಕ್ಷರ ತರಗತಿಗೆ ಚಿಕ್ಕವೆಂಕಟಮ್ಮ ಎಲ್ಲರಿಗಿಂತ ಮುಂಚೆ ಬಂದು ಸ್ಲೇಟು ಹಿಡಿದು ಕೂತಿದ್ದಳೆಂದು ಕವಿತ ಫೋನಿನಲ್ಲಿ ಹೇಳಿದರು. ಕನ್ನಡಕದ ಮಾತು ಎತ್ತಲಿಲ್ಲವಂತೆ.

ಪುಸ್ತಕ ದೀಪಾವಳಿಗೆ ಮುಂಚೆ ಅಚ್ಚಾಗಿ ಬಂತು. ರಕ್ಷಾಪುಟದ ಮೇಲೆ "ಕತೆ: ಕವಿತ, ವಿ. ಯಶೋಧರಾ. ಚಿತ್ರ: ವಿ. ಯಶೋಧರಾ" ಎಂದಿತ್ತು. ಕತೆಯ ಜೊತೆಗೂ ಅವಳ ಹೆಸರು ಹಾಕಿಸಿದ್ದು ಕವಿತ. ಯಶೋಧರಾ ಕೇಳಿಯೂ ಇರಲಿಲ್ಲ. ವೆಂಕಟರವಣಪ್ಪ ಮೊದಲ ಪ್ರತಿಯನ್ನು ಅಂಗಡಿಯ ಗಾಜಿನ ಹಿಂದೆ ನಿಲ್ಲಿಸಿ, ಬಂದವರಿಗೆಲ್ಲ ತೆಗೆದು ತೋರಿಸಿದರು. ಬೆಂಗಳೂರಿನ ಆರ್ಟಿಸ್ಟಿನ ಮಾತನ್ನು ಕಮಿಟಿಯವರು ಮತ್ತೆ ಎತ್ತಲಿಲ್ಲ. ಜನವರಿಯಲ್ಲಿ ಎರಡನೇ ಪುಸ್ತಕದ ಕೆಲಸ ಶುರುವಾಯಿತು. ಈ ಸಲ ಪಿಳ್ಳಮ್ಮ ಓಬಳಮ್ಮನನ್ನೂ ಸರಸುವನ್ನೂ ಕರೆದುಕೊಂಡು ತಾಲ್ಲೂಕಾಫೀಸಿಗೆ ಹೋಗುತ್ತಾಳೆ. ಕರಡು ಪಟಗಳನ್ನು ಹೊಸ ಜಾಗದಲ್ಲಿ ತೋರಿಸಬೇಕೆಂದು ಯಶೋಧರಾ, ಕವಿತ ಇಬ್ಬರೂ ಗೌರಿಬಿದನೂರಿನ ಹತ್ತಿರದ ಒಂದು ಹಳ್ಳಿಗೆ ಹೋದರು.

ಅಲ್ಲಿ ಯಾರಿಗೂ ಚಿಕ್ಕವೆಂಕಟಮ್ಮನ ಪರಿಚಯವಿರಲಿಲ್ಲ. ಮೊದಲ ಪುಸ್ತಕ ಮಾತ್ರ ಮೂರು ತಿಂಗಳಿಂದ ಅವರ ತರಗತಿಯಲ್ಲಿ ಓಡಾಡಿ ಹಾಳೆಗಳ ಅಂಚು ಸವೆದಿತ್ತು. ಯಶೋಧರಾ ಮೂರನೆಯ ಪಟ ತೋರಿಸುತ್ತಿದ್ದಳು. ತಾಲ್ಲೂಕಾಫೀಸಿನ ವರಾಂಡದಲ್ಲಿ ಜನರ ಸಾಲು, ಸಾಲಿನ ಕೊನೆಯಲ್ಲಿ ಪಿಳ್ಳಮ್ಮ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದಾಳೆ. ಬಾಣಂತಿಯೊಬ್ಬಳು ಮಗುವನ್ನು ತೋಳು ಬದಲಾಯಿಸುತ್ತಾ ತಲೆಯಾಡಿಸಿದಳು.

"ಇಲ್ಲಕ್ಕ. ಪಿಳ್ಳಮ್ಮ ಇಂಗೆಲ್ಲ ಕುತ್ಕಳಲ್ಲ."

"ಹೌದು ಕಣೇ," ಎಂದಳು ಪಕ್ಕದವಳು. "ಅವ್ಳು ಕೈ ಕಟ್ಕೊಂಡು ಕುತ್ಕೊಂಡಿದ್ದು ಯಾವತ್ತಾರ ಉಂಟಾ?"

"ಹುಷಾರಿಲ್ವೇನೋ."

"ಹುಷಾರಿಲ್ದಿದ್ರೆ ಅವ್ಳು ಬರೋದೇ ಇಲ್ಲ. ಬಂದ್ಮೇಲೆ ನೇರ ಕಿಟಕಿ ಹತ್ರಾನೇ ಹೋಗೋದು!"

ನಾಲ್ಕು ಜನ ನಾಲ್ಕು ಮಾತಾಡಿದರು. ಪಿಳ್ಳಮ್ಮ ಏನು ಮಾಡುತ್ತಾಳೆ, ಏನು ಮಾಡುವುದಿಲ್ಲ ಎಂದು ತಮ್ಮ ತಮ್ಮಲ್ಲೇ ವಾದಕ್ಕೆ ಬಿದ್ದರು. ಚಿತ್ರ ಬರೆದವಳು ಎದುರಿಗೇ ಕೂತಿದ್ದಾಳೆ ಅನ್ನುವುದು ಯಾರ ನೆನಪಿನಲ್ಲೂ ಇರಲಿಲ್ಲ. ಯಶೋಧರಾ ಮಧ್ಯೆ ಬಾಯಿ ಹಾಕಲಿಲ್ಲ. ಚೀಲದಿಂದ ರಬ್ಬರ್ ತೆಗೆದು, ಬೆಂಚಿನ ಮೇಲೆ ಕೂತಿದ್ದ ಪಿಳ್ಳಮ್ಮನನ್ನು ಅ‍ಳಿಸಿ, ಅವಳನ್ನು ಎಲ್ಲರಿಗಿಂತ ಮುಂದೆ, ಕಿಟಕಿಯ ಒಳಕ್ಕೇ ಕತ್ತು ಹಾಕಿದ ಹಾಗೆ ಬರೆಯತೊಡಗಿದಳು.